ಹುಲ್ಲಿನ ಬಿರಡೆ

ಚಿಕ್ಕವೆಂಕಟಮ್ಮನಿಗೆ ಹೆದರಿಕೆ ಅಂದರೇನು ಅಂತಲೇ ಗೊತ್ತಿಲ್ಲ ಎಂದು ಊರು ಹೇಳುತ್ತಿತ್ತು. ಊರಿಗೇನು, ಅದರ ಬಾಯಿಗೆ ಬೀಗ ಉಂಟೇ. ಹಾಲಿನ ಡೈರಿಯಲ್ಲಿ ಅಳತೆ ಹಾಕುವವನು ಕೈಚಳಕ ತೋರಿಸಿದಾಗ ಅವನ ಕೊರಳಪಟ್ಟಿ ಹಿಡಿದವಳು, ಒದೆಯುವ ಹಸುವನ್ನು ಬೈದೇ ಸುಮ್ಮನಾಗಿಸಿದವಳು, ಗಂಡನ ತಿಥಿ ಮುಗಿಯುವ ಮೊದಲೇ ಕೆಚ್ಚಲ ಕೆಳಗೆ ಚೊಂಬು ಹಿಡಿದು ಕೂತವಳು, ಅದೆಲ್ಲ ನಿಜವೇ. ಆದರೆ ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಸೊಸೆ ಶಶಿರೇಖ ದನಗಳಿಗೆ ಹುಲ್ಲು ಕೊಡವಿ ಹಾಕಿ, ನೀರಿನ ತೊಟ್ಟಿಯವರೆಗೆ ನಡೆದು, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅಟ್ಟಿಸಿಕೊಂಡು ಬಂದ ಕರುವಿನ ಹಾಗೆ ಅವಳ ಪಕ್ಕೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಅವತ್ತು ಚಿಕ್ಕವೆಂಕಟಮ್ಮನ ಹೊಟ್ಟೆಯೊಳಗೆ ಹೊಕ್ಕ ಹೆದರಿಕೆ ಮತ್ತೆ ಹೊರಗೆ ಹೋಗಲಿಲ್ಲ.

“ಅತ್ತೆ, ನಮ್ಮಪ್ಪಂಗೂ ಇಂಗೇ ಶುರುವಾಗಿದ್ದು,” ಎಂದಳು ಶಶಿರೇಖ, ಮಾತಿಗೊಂದು ಉಸಿರು ಎಳೆದುಕೊಳ್ಳುತ್ತ.

“ಬಾಯ್ಮುಚ್ಕೊಂಡು ಕೂತ್ಕೊ,” ಎಂದಳು ಅತ್ತೆ.

ಶಶಿರೇಖ ಕೆಜಿಎಫ್ ಹುಡುಗಿ. ಅವಳಪ್ಪ ಜಯರಾಮಪ್ಪ ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿಯಲ್ಲಿ ಕಲ್ಲು ಕೊರೆದವನು. ಗಣಿ ಮುಚ್ಚಿತು, ಅವನ ಎದೆಯೊಳಗೆ ಹೊಕ್ಕಿದ್ದ ಕಲ್ಲಿನ ಪುಡಿ ಮಾತ್ರ ಅಲ್ಲೇ ಉಳಿಯಿತು. ಕೊನೆಗಾಲದಲ್ಲಿ ಮಲಗಲಾಗದೆ, ಅಕ್ಕಿ ಡ್ರಮ್ಮಿನ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಹಣೆಯಿಟ್ಟು ಕೂತೇ ಇರುತ್ತಿದ್ದ. ನೋಡಲು ಹೋದ ಚಿಕ್ಕವೆಂಕಟಮ್ಮ ಆ ಉಸಿರಿನ ಸದ್ದು ಕೇಳಲಾಗದೆ ಕಾಫಿಯನ್ನೂ ಕುಡಿಯದೆ ಎದ್ದು ಬಂದಿದ್ದಳು. ಮಗ ಮುನೀಂದ್ರನಿಗೆ ಈ ಹೆಣ್ಣು ನೋಡಿದಾಗಲೂ “ಗಣಿ ಮನೆ ಸಂಬಂಧ ಬ್ಯಾಡ ಕಣ್ಲಾ, ಆ ಧೂಳು ರಕ್ತದಾಗೇ ಬತ್ತದೆ” ಎಂದು ಹಟ ಹಿಡಿದಿದ್ದವಳು ಅವಳೇ. ಮಗ ಕೇಳಲಿಲ್ಲ. ಮದುವೆಯಾದ ವರ್ಷದೊಳಗೆ ಅತ್ತೆಯೂ ಸೊಸೆಯೂ ಎಷ್ಟು ಅಂಟಿಕೊಂಡರೆಂದರೆ, ಇಬ್ಬರೂ ಸೇರಿ ಮುನೀಂದ್ರನನ್ನು ಬೈಯುವುದೇ ಆ ಮನೆಯ ಸಂಜೆಯ ಮನರಂಜನೆಯಾಯಿತು. ಹೆಣ್ಣು ಮಕ್ಕಳಿಲ್ಲದ ಚಿಕ್ಕವೆಂಕಟಮ್ಮನಿಗೆ ಎಣ್ಣೆ ಹಚ್ಚಲು ಒಂದು ತಲೆ ಸಿಕ್ಕಿತು.

ಈಗ ಆ ಹಳೆಯ ಮಾತೇ ನಿಜವಾಗಿ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು. ಎರಡು ವರ್ಷದಿಂದ ಇದ್ದ ಒಣಕೆಮ್ಮು, ಸಂಜೆಯಾದರೆ ಕಾಯುವ ಮೈ, ಮುಂಜಾನೆ ಇಳಿಯುವ ಜ್ವರ, ಇದಕ್ಕೆಲ್ಲ ಕಾಮಸಮುದ್ರದ ಡಾಕ್ಟರು ಕೊಟ್ಟ ಮಾತ್ರೆಗಳು ಮಣ್ಣುಪಾಲಾದವು. ಬಂಗಾರಪೇಟೆಯಲ್ಲಿ ಕಫ ನೋಡಿ ಟಿಬಿ ಅಲ್ಲ ಎಂದರು. ಕೊನೆಗೆ ದೊಡ್ಡಾಸ್ಪತ್ರೆಗೆ ಸೇರಿಸಿ, ಮೂಗಿಗೆ ಆಕ್ಸಿಜನ್ ಕೊಳವೆ ಇಟ್ಟು, ಸ್ಕ್ಯಾನ್ ಮಾಡಿದರು.

ಅಲ್ಲಿನ ಡಾಕ್ಟರು ಶ್ಯಾಮಲ. ಸಣ್ಣ ವಯಸ್ಸಿನವಳು, ಮಾತು ನಿಧಾನ. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. “ಶ್ವಾಸಕೋಶದಲ್ಲಿ ಕಲೆ ಕಟ್ಟಿದೆ ಅಮ್ಮ. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಗಟ್ಟಿಯಾಗುತ್ತಲ್ಲ, ಹಾಗೆ. ಗಟ್ಟಿಯಾದ ಜಾಗ ಉಸಿರಿಗೆ ಹಿಗ್ಗೋದಿಲ್ಲ.”

“ಅದು ಓಯ್ತದಾ?”

“ಆಗಿರೋ ಕಲೆ ಹೋಗಲ್ಲ. ಮುಂದಕ್ಕೆ ಹಬ್ಬುತ್ತಾ ಅನ್ನೋದೇ ಪ್ರಶ್ನೆ. ಈ ಕಾಯಿಲೆಯಲ್ಲಿ ಹಲವು ಬಗೆ ಇದೆ. ಕೆಲವು ನಾವು ಏನು ಮಾಡಿದರೂ ತಾನಾಗಿ ಹಬ್ಬುತ್ತವೆ. ಕೆಲವು ನಾವು ಉಸಿರಾಡೋ ಯಾವುದೋ ವಸ್ತುವಿನಿಂದ ಬರ್ತವೆ, ಅದನ್ನ ಬಿಟ್ಟರೆ ಅಲ್ಲಿಗೇ ನಿಲ್ಲಬಹುದು. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣ್ತಿದೆ. ಎದೆ ಕೊಯ್ದು ತುಂಡು ತೆಗೆದು ನೋಡೋಣ ಅಂದರೆ ಇವರ ಉಸಿರು ತಡೆಯಲ್ಲ. ಅದಕ್ಕೇ ರಕ್ತ ಕೇಳ್ತೀವಿ.”

ರಕ್ತ ಕೇಳುವುದೆಂದರೆ ಏನೆಂದು ಅವಳು ಬಿಡಿಸಿ ಹೇಳಿದಳು. ಶ್ವಾಸಕೋಶ ಗಾಯವಾಗುತ್ತಿರುವಾಗ ಅದರ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಅವನ್ನು ಅಳೆದರೆ ಕಲೆ ಸುಮ್ಮನಿದೆಯೋ, ಈಗಲೂ ಬೆಳೆಯುತ್ತಿದೆಯೋ ಅಂದಾಜು ಸಿಗುತ್ತದೆ. ಇನ್ನೊಂದು, ಮೈಯೊಳಗಿನ ರಕ್ತ ಯಾವ ವಸ್ತುವಿನ ಮೇಲೆ ಹಗೆ ಸಾಧಿಸುತ್ತಿದೆ ಅನ್ನುವುದನ್ನೂ ಪರೀಕ್ಷೆ ಮಾಡಬಹುದು. ಚಿಕ್ಕವೆಂಕಟಮ್ಮನಿಗೆ ಅರ್ಥವಾದದ್ದು ಇಷ್ಟು: ರಕ್ತ ಚಾಡಿ ಹೇಳುತ್ತದೆ. ಯಾರ ಮೇಲೆ ಹೇಳುತ್ತದೋ ಕಾಯಬೇಕು.

ಆಮೇಲೆ ಡಾಕ್ಟರು ಪ್ರಶ್ನೆಗಳನ್ನು ಶುರುಮಾಡಿದಳು. ಶಶಿರೇಖಳ ಬಾಯಿಂದ ಎರಡು ಮಾತು ಬರುವಷ್ಟರಲ್ಲಿ ಉಸಿರು ಸೋಲುತ್ತಿತ್ತು. ಅದೂ ಅಲ್ಲದೆ ಹಿರಿಯರು ಪಕ್ಕದಲ್ಲಿ ನಿಂತಿರುವಾಗ ಸೊಸೆ ಉತ್ತರ ಕೊಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಎಲ್ಲಕ್ಕೂ ಅತ್ತೆಯೇ ಜವಾಬು ಕೊಟ್ಟಳು.

“ಮನೇಲಿ ಪಾರಿವಾಳ, ಕೋಳಿ?”

“ಇಲ್ಲ.”

“ಗೋಡೆ ಒದ್ದೆ, ಬೂಷ್ಟು ಹಿಡಿದ ಪದಾರ್ಥ ಏನಾದರೂ?”

ಚಿಕ್ಕವೆಂಕಟಮ್ಮನ ಮೂಗು ಕೆಂಪಾಯಿತು. ಬೂಷ್ಟು ಅಂದರೆ ಸೋಂಬೇರಿಯ ಮನೆಯ ಮಾತು. ಶುಕ್ರವಾರ ಶುಕ್ರವಾರ ಸಾರಿಸಿ ರಂಗೋಲಿ ಇಡುವ ಮನೆಯ ಬಗ್ಗೆ ಬೂಷ್ಟು ಕೇಳುತ್ತಾರಲ್ಲ ಎಂದು ಅವಳಿಗೆ ಉರಿದುಹೋಯಿತು. “ನಮ್ಮನ್ಯಾಗೆ ಅಂತಾದ್ದೆಲ್ಲ ಇಲ್ಲ ಕಣವ್ವ. ನಾನು ಬದ್ಕಿದೀನಿ ಇನ್ನಾ,” ಎಂದಳು.

ಶಶಿರೇಖ ಏನೋ ಹೇಳಲು ಕೈಯೆತ್ತಿದಳು. ಕೆಮ್ಮು ಬಂತು. ಅತ್ತೆ ಬೆನ್ನು ಸವರಿದಳು, ಮಾತು ಅಲ್ಲಿಗೇ ನಿಂತಿತು.

ಆಸ್ಪತ್ರೆಯಲ್ಲಿ ವಾರ ಕಳೆಯುವಷ್ಟರಲ್ಲಿ ಶಶಿರೇಖಳ ಜ್ವರ ಬಿಟ್ಟಿತು. ಕೊಳವೆ ತೆಗೆದರು, ತಾನೇ ಎದ್ದು ಬಚ್ಚಲಿಗೆ ಹೋಗಿ ಬಂದಳು. ಮನೆಗೆ ಕಳಿಸುವ ದಿನ ಮತ್ತೆ ರಕ್ತ ತೆಗೆದುಕೊಂಡು ಡಾಕ್ಟರು ಹೇಳಿದಳು: “ಇಲ್ಲಿ ಬಂದ ಮೇಲೆ ಸುಧಾರಿಸಿದ್ದಾರೆ. ಏನನ್ನೋ ಉಸಿರಾಡಿ ಹೀಗಾಗಿದೆ ಅಂತ ನನ್ನ ಅನುಮಾನ. ಇವರು ಉಸಿರಾಡೋ ಧೂಳು ಯಾವುದೋ, ಅದನ್ನ ಒಂದು ಹಿಡಿ ತಂದುಕೊಡಿ.”

ಧೂಳು ಅಂದರೆ ಚಿಕ್ಕವೆಂಕಟಮ್ಮನಿಗಾಗಲಿ, ಆ ಸೀಮೆಯ ಯಾರಿಗಾಗಲಿ ಎರಡನೆಯ ಯೋಚನೆ ಇಲ್ಲ. ಧೂಳು ಅಂದರೆ ಕೆಜಿಎಫ್‌ನ ದಿಬ್ಬ. ಗಣಿಯಿಂದ ತೆಗೆದ ಕಲ್ಲನ್ನು ಅರೆದು ಚಿನ್ನ ಸೋಸಿ ಬಿಸಾಡಿದ ಬೂದು ಪುಡಿ ಗುಡ್ಡಗುಡ್ಡವಾಗಿ ನಿಂತಿದೆ. ಗಾಳಿ ಎದ್ದರೆ ಗಣಿ ಕೂಲಿಗಳ ಲೈನುಮನೆಗಳ ಅನ್ನದ ತಟ್ಟೆಗೂ ಬಂದು ಬೀಳುತ್ತದೆ. ಶಶಿರೇಖ ಅದರ ಬುಡದಲ್ಲಿ ಆಡಿ ಬೆಳೆದವಳು, ಅಪ್ಪನ ಗಣಿಬಟ್ಟೆ ಕೊಡವಿ ಒಗೆದವಳು.

“ರಸ್ತೆ ಧೂಳೂ ಒಂದಿಷ್ಟು ತಗೊಳಾಣೇನಮ್ಮ?” ಎಂದ ಮುನೀಂದ್ರ. ಮನೆ ಮುಂದಿನ ರಸ್ತೆ ಅಗಲ ಮಾಡಲು ಟಿಪ್ಪರುಗಳು ಓಡಾಡುತ್ತಿದ್ದವು.

“ರಸ್ತೆ ಧೂಳು ನೀನೂ ಕುಡಿತೀಯ, ನಾನೂ ಕುಡಿತೀನಿ. ನಮಗೇನಾಗೈತೆ? ಬಾ ಸುಮ್ನೆ.”

ಮುಚ್ಚಳ ಕಳೆದುಹೋದ ಒಂದು ಟಾನಿಕ್ ಸೀಸೆ ಮನೆಯಲ್ಲಿತ್ತು. ಅದನ್ನು ತೊಳೆದು ಒಣಗಿಸಿ, ಹರಳೆಣ್ಣೆ ಸೀಸೆಗೆ ಯಾವತ್ತೂ ಮಾಡುವ ಹಾಗೆ, ಹುಲ್ಲು ಮನೆಯಿಂದ ಒಂದು ಹಿಡಿ ರಾಗಿಹುಲ್ಲು ಎಳೆದು ಹುರಿಮಾಡಿ ಬಿರಡೆ ತುರುಕಿಕೊಂಡು ಚಿಕ್ಕವೆಂಕಟಮ್ಮ ಬಸ್ಸು ಹತ್ತಿದಳು. ಕೆಜಿಎಫ್‌ನಲ್ಲಿ ಬೀಗಿತ್ತಿ ನರಸಮ್ಮ ದಿಬ್ಬದವರೆಗೂ ಜೊತೆಗೆ ಬಂದಳು. ಮುನೀಂದ್ರ ಸೀಸೆ ತುಂಬಿಸುವಾಗ ನರಸಮ್ಮ ಆ ಪುಡಿಯ ಕಡೆ ನೋಡಲಿಲ್ಲ, ಸೆರಗಿನಿಂದ ಮೂಗು ಮುಚ್ಚಿ ಬೇರೆ ಕಡೆ ತಿರುಗಿ ನಿಂತಳು.

“ನಮ್ಮ ಯಜಮಾನ್ರನ್ನ ತಿಂದಿದ್ದು ಸಾಲ್ದಾ ಇದಕ್ಕೆ,” ಎಂದಳು. “ಎನ್ ಪೊಣ್ಣು, ನನ್ನ ಮಗಳು, ಅವಳೂ ಬೇಕಾ? ಅಕ್ಕಾ, ನಿಜ ಏಳು. ಅದೇ ಕಾಯಿಲೆನಾ?”

“ಡಾಕ್ಟರು ಏಳ್ಬೇಕು,” ಎಂದಳು ಚಿಕ್ಕವೆಂಕಟಮ್ಮ. ಅದೇ ಎಂದು ಅವಳ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು. ಸೀಸೆಯ ಬಾಯಿಗೆ ಹುಲ್ಲಿನ ಬಿರಡೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು. ಮುನೀಂದ್ರ ಅವತ್ತೇ ಅದನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದ.

ಇನ್ನು ಸೊಸೆಯನ್ನು ಧೂಳಿನಿಂದ ಕಾಪಾಡಬೇಕು. ಚಿಕ್ಕವೆಂಕಟಮ್ಮ ಒಂದು ಕೆಲಸಕ್ಕೆ ಕೈ ಹಾಕಿದರೆ ಅರ್ಧಕ್ಕೆ ಬಿಡುವ ಹೆಣ್ಣಲ್ಲ. ಮನೆಯ ಮುಂಬಾಗಿಲಲ್ಲಿ ಟಿಪ್ಪರಿನ ಧೂಳು, ಅಡುಗೆಮನೆಯಲ್ಲಿ ಸೌದೆ ಒಲೆಯ ಹೊಗೆ. ಹಿತ್ತಲ ಹುಲ್ಲು ಮನೆ ಒಂದೇ ಸುರಕ್ಷಿತ. ಮೂರು ಕಡೆ ಕಲ್ಲು ಚಪ್ಪಡಿಯ ಗೋಡೆ, ಒಂದೇ ಬಾಗಿಲು, ಗಾಳಿಯ ಸುಳಿವಿಲ್ಲ. ಹೋದ ಎರಡು ವರ್ಷದ ಹಾಗೆ ಈ ಸಲವೂ ರಾಗಿ ಕೊಯ್ಲಿನ ಹೊತ್ತಿಗೆ ಸೈಕ್ಲೋನ್ ಮಳೆ ಹಿಡಿದು, ಅರೆಬರೆ ಒಣಗಿದ ಹುಲ್ಲನ್ನೇ ಅಲ್ಲಿ ಸೂರು ಮುಟ್ಟುವಂತೆ ತುಂಬಿದ್ದರು. ಕೈ ಹಾಕಿದರೆ ಹುಲ್ಲಿನ ಒಡಲು ಬೆಚ್ಚಗಿತ್ತು. ಬಾಣಂತಿ ಕೋಣೆ ಇದ್ದಂಗೈತೆ ಎಂದು ಅವಳಿಗೆ ಸಮಾಧಾನವಾಯಿತು. ತಾನು ಮುನೀಂದ್ರನನ್ನು ಹೆತ್ತದ್ದೂ ರಾಗಿಹುಲ್ಲಿನ ಹಾಸಿಗೆಯ ಮೇಲೆಯೇ. ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ಹುಲ್ಲು ಅದು, ಲಕ್ಷ್ಮಿ. ಅದನ್ನು ಯಾರು ಧೂಳು ಅಂದಾರು?

ಮೊಣಕಾಲುದ್ದ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಹುಲ್ಲಿನ ಕಟ್ಟುಗಳನ್ನೇ ಒರಗುದಿಂಬಾಗಿ ಪೇರಿಸಿದಳು. ಬಾಗಿಲ ಸಂದಿಗೂ ಹುಲ್ಲು ತುರುಕಿದಳು. ಶಶಿರೇಖಳನ್ನು ಕೈಹಿಡಿದು ಕರೆತಂದು ಕೂರಿಸಿ, “ಇಲ್ಲಿ ಯಾವ ಧೂಳೂ ನಿನ್ನ ಮುಟ್ಟಕ್ಕಾಗಲ್ಲ,” ಎಂದಳು.

“ರಾಣಿ ವಾಸ ಅತ್ತೆ,” ಎಂದು ಶಶಿರೇಖ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಕೊನೆ.

ಅವತ್ತೇ ಸಂಜೆ ಮತ್ತೆ ಜ್ವರ ಬಂತು. ಮಾರನೆಯ ದಿನ ಕೆಮ್ಮು. ಮಾತ್ರೆಗಳನ್ನು ಹೊತ್ತುಹೊತ್ತಿಗೆ ಕೊಟ್ಟರೂ ಉಸಿರು ಮೊಟಕಾಗುತ್ತ ಹೋಯಿತು. ಮೊದಮೊದಲು ಬಾಗಿಲವರೆಗೆ ಬರುತ್ತಿದ್ದವಳು ಆಮೇಲೆ ಎದ್ದು ಕೂರುವುದಕ್ಕೂ ಆಸರೆ ಕೇಳಿದಳು. ಪಕ್ಕದ ಮನೆಯ ಅಮ್ಮಾಜಮ್ಮ ಬಂದು ದೃಷ್ಟಿ ತೆಗೆದಳು. ಚಿಕ್ಕವೆಂಕಟಮ್ಮ ಹಿಂದಿನ ದಿನದ ಹುಲ್ಲು ಬೆವರಿಗೆ ಒದ್ದೆಯಾಗಿದೆ ಎಂದು ತೆಗೆದು, ಒಟ್ಟಿಲಿನ ಒಡಲಿನಿಂದ ಹೊಸ ಹುಲ್ಲು ಎಳೆದು ದಿನಾ ಹಾಸಿದಳು. ಎಳೆದಾಗ ಬಿಳಿ ಹೊಗೆಯಂಥದ್ದು ಏಳುತ್ತಿತ್ತು. ಮಳೆಗೆ ಸಿಕ್ಕ ಹುಲ್ಲು, ಹಾಗಿರುವುದೇ ಎಂದು ಅವಳು ಕೈಯಿಂದ ಬೀಸಿ ಸರಿಸುತ್ತಿದ್ದಳು.

ಬೆಳಿಗ್ಗೆ ಹಾಲು ಕರೆದು ಬರುವಾಗ ಅವಳು ಬಾಗಿಲ ಹೊರಗೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಒಳಗಿನಿಂದ ಉಸಿರಿನ ಸದ್ದು ಕೇಳಿದರೆ ಬಾಗಿಲು ತೆಗೆಯುವುದು. ಕೇಳದಿದ್ದರೆ? ಚೊಂಬನ್ನು ಕೆಳಗಿಟ್ಟು ಬಾಗಿಲಿಗೆ ಕಿವಿ ಹಚ್ಚುತ್ತಿದ್ದಳು. ಆ ಸದ್ದು ದಿನದಿನಕ್ಕೂ ಜಯರಾಮಪ್ಪನ ಸದ್ದಾಗುತ್ತಿತ್ತು. ದೇವರೇ, ರಕ್ತ ಗಣಿಯ ಹೆಸರು ಹೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಹೇಳಿದರೆ ಸೊಸೆಗೆ ಆ ಮಾತನ್ನು ಮುಟ್ಟಿಸುವವರು ಯಾರು? ಮುನೀಂದ್ರನಿಗೆ ಧೈರ್ಯವಿಲ್ಲ, ಅವನು ಹೋಗಲಿ, ತನಗೇ ಇಲ್ಲ.

ಮುನೀಂದ್ರ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ. ಇನ್ನೊಂದು ಸಲ ರಕ್ತ ಕಳಿಸಿ ಎಂದರು. ಆರೋಗ್ಯ ಕೇಂದ್ರದ ನರ್ಸ್ ಮನೆಗೇ ಬಂದು ತೆಗೆದುಕೊಂಡು ಹೋದಳು. ಎರಡು ದಿನ ಬಿಟ್ಟು ಡಾಕ್ಟರು ಶ್ಯಾಮಲ ತಾನೇ ಫೋನ್ ಮಾಡಿ, ಮನೆಯ ಹಿರಿಯರು ಕೂಡಲೇ ಬನ್ನಿ, ಎದುರಿಗೇ ಕೂತು ಕೇಳಬೇಕಾದ್ದಿದೆ ಎಂದಳು. ಶಶಿರೇಖಳನ್ನು ನೋಡಿಕೊಳ್ಳಲು ಅಮ್ಮಾಜಮ್ಮನನ್ನು ಬಿಟ್ಟು ತಾಯಿ ಮಗ ಹೊರಟರು. ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಚಿಕ್ಕವೆಂಕಟಮ್ಮ ಬಸ್ಸಿನೊಳಗೆ ಕೂತು ಸೆರಗಿನ ಚುಂಗನ್ನು ಹಿಂಡುತ್ತಲೇ ಇದ್ದಳು.

ಡಾಕ್ಟರ ಮೇಜಿನ ಮೇಲೆ ಆ ಸೀಸೆ ಇತ್ತು. ಅದರ ಪಕ್ಕ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲಿನ ಬಿರಡೆ.

“ಗಣಿ ಪುಡಿಯಿಂದ ಬರೋ ಕಾಯಿಲೆ ಇದಲ್ಲ ಅಮ್ಮ,” ಎಂದಳು ಡಾಕ್ಟರು. “ಅದರ ಗುರುತು ಸ್ಕ್ಯಾನಿನಲ್ಲೂ ಇಲ್ಲ.”

ಚಿಕ್ಕವೆಂಕಟಮ್ಮನ ಕಣ್ಣಲ್ಲಿ ನೀರು ಬಂತು. ಮುನೀಂದ್ರ ಅಬ್ಬ ಎಂದು ಕುರ್ಚಿಗೆ ಒರಗಿದ. ಆದರೆ ಡಾಕ್ಟರ ಮುಖ ಸಡಿಲಾಗಲಿಲ್ಲ.

“ಸೀಸೆಗೆ ಹಾಕಿದ್ದ ಈ ಹುಲ್ಲಿನ ಮೇಲೆ ಬಿಳಿ ಬೂಷ್ಟು ಇತ್ತು. ಲ್ಯಾಬಿನವರು ಅದನ್ನ ನೋಡಿ ಅದರ ಸಾರ ತೆಗೆದು ನಿಮ್ಮ ಸೊಸೆಯ ರಕ್ತದ ಜೊತೆ ಸೇರಿಸಿದರು. ರಕ್ತ ಹಗೆ ಸಾಧಿಸ್ತಿರೋದು ಇದರ ಮೇಲೇನೇ. ಇದು ಎಲ್ಲಿಯ ಹುಲ್ಲು?”

“ನಮ್ಮನೇದು,” ಎಂದ ಮುನೀಂದ್ರ.

“ಇನ್ನೊಂದು ವಿಷಯ. ಶ್ವಾಸಕೋಶದಿಂದ ಸೋರೋ ಪ್ರೋಟೀನು ಅಂದಿದ್ದೆನಲ್ಲ. ಇಲ್ಲಿಂದ ಹೊರಟ ದಿನ ಅದು ಇಳೀತಾ ಇತ್ತು. ಮೊನ್ನೆ ಕಳಿಸಿದ ರಕ್ತದಲ್ಲಿ ಎರಡು ಪಟ್ಟಿನ ಹತ್ತಿರಕ್ಕೆ ಏರಿದೆ. ಮಾತ್ರೆ ತಗೊಳ್ತಾ ಇದ್ದರೂ. ಈ ನಡುವೆ ಮನೇಲಿ ಏನು ಬದಲಾಯ್ತು? ಅವರು ಈಗ ಎಲ್ಲಿ ಮಲಗ್ತಾರೆ?”

ಮುನೀಂದ್ರ ತಾಯಿಯ ಮುಖ ನೋಡಿದ. ಆ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಜವಾಬು ಕೊಡುತ್ತಿದ್ದವಳು ಅವಳೇ ತಾನೇ. ಚಿಕ್ಕವೆಂಕಟಮ್ಮ ಚೀಲದೊಳಗಿನ ಬಿರಡೆಯನ್ನು ನೋಡಿದಳು. ಬೂಷ್ಟು ಇದೆಯಾ ಎಂದು ಕೇಳಿದಾಗ ಕೈಯೆತ್ತಿದ್ದ ಸೊಸೆ ಕಣ್ಣಿಗೆ ಕಟ್ಟಿದಳು. ಬಾಗಿಲ ಸಂದಿಗೆ ತುರುಕಿದ ಹುಲ್ಲು ನೆನಪಾಯಿತು.

“ಉಲ್ಲಿನ್ಯಾಗೆ,” ಎಂದಳು. “ಉಲ್ಲು ಮನೆಯಾಗೆ, ಉಲ್ಲಿನ ಮ್ಯಾಗೆ. ನಾನೇ ಮಲಗ್ಸಿದೀನಿ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚಿಕ್ಕವೆಂಕಟಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. “ಈಗಲೇ ಹೊರಗೆ ತರಿಸಿ,” ಎಂದಷ್ಟೇ ಹೇಳಿ ಆಂಬುಲೆನ್ಸಿಗೆ ಫೋನ್ ಹಚ್ಚಿದಳು. “ಹುಲ್ಲು ಮುಟ್ಟಿದ ಬಟ್ಟೆಯೂ ಅವರ ಹತ್ತಿರ ಹೋಗಬಾರದು. ಆಗಿರೋ ಕಲೆ ಹೋಗಲ್ಲ. ಉಳಿದಿರೋದನ್ನ ಉಳಿಸೋಣ. ಎಷ್ಟು ಉಳಿದಿದೆ ಅಂತ ರಕ್ತ ಇನ್ನೊಂದು ಸಲ ಹೇಳಬೇಕು.”

ಮುನೀಂದ್ರ ಅಮ್ಮಾಜಮ್ಮನಿಗೆ ಫೋನ್ ಮಾಡಿದ. ಆ ಕಡೆಯ ದನಿ ಚಿಕ್ಕವೆಂಕಟಮ್ಮನಿಗೂ ಕೇಳಿಸುತ್ತಿತ್ತು.

“ಈಗ್ತಾನೆ ಹೊಸಾ ಉಲ್ಲು ಆಸಿ ಮಲಗ್ಸಿದೆ ಕಣಪ್ಪ, ನಿಮ್ಮಮ್ಮ ಏಳಿದ್ದಂಗೇನೆ. ಬಾಗ್ಲೂ ಭದ್ರ ಮಾಡಿದೀನಿ. ಸದ್ದಿಲ್ಲ, ನಿದ್ದೆ ಬಂದಿರ್ಬೇಕು.”

“ಎತ್ಕೊಂಡು ಆಚೆಗೆ ಬಾ,” ಎಂದು ಮುನೀಂದ್ರ ಕೂಗಿದ. “ಕೇಳ್ಬ್ಯಾಡ ಯಾಕೇಂತ. ಆಚೆಗೆ ಎತ್ಕೊಂಡು ಬಾ ಅಮ್ಮಾಜಮ್ಮ.” ಅಷ್ಟರಲ್ಲಿ ಲೈನು ಕಡಿದುಹೋಯಿತು. ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ.

ಸದ್ದಿಲ್ಲ. ಆ ಒಂದು ಮಾತನ್ನು ಹೊತ್ತುಕೊಂಡು ಚಿಕ್ಕವೆಂಕಟಮ್ಮ ಊರಿನವರೆಗೆ ಪ್ರಯಾಣ ಮಾಡಿದಳು. ಕಾಮಸಮುದ್ರದ ಆಂಬುಲೆನ್ಸ್ ಬೇರೆ ರೋಗಿಯನ್ನು ಇಳಿಸಿ ಈಗ ಹೊರಟಿದೆ ಎಂದು ಮುನೀಂದ್ರ ಎರಡು ಸಲ ಹೇಳಿದ, ಅವಳ ಕಿವಿಗೆ ಬೀಳಲಿಲ್ಲ. ಕೊಂದವಳು ನೀನೇ ಎಂದು ಊರು ಹೇಳಲಾರದು, ಪಾಪ ಎಷ್ಟು ನೋಡಿಕೊಂಡಳು ಎಂದೇ ಹೇಳುತ್ತದೆ. ಅದನ್ನು ಕೇಳಿಕೊಂಡು ಬದುಕಬೇಕಲ್ಲ.

ಅಂಗಳಕ್ಕೆ ಬಂದಾಗ ಶಶಿರೇಖ ಹೊಂಗೆ ಮರದಡಿ ಕಲ್ಲಿನ ಮೇಲೆ ಇದ್ದಳು. ಅಮ್ಮಾಜಮ್ಮ ಹಿಂದಿನಿಂದ ಹಿಡಿದುಕೊಂಡಿದ್ದಳು. ಉಟ್ಟ ಸೀರೆಯ ಮೇಲೆ ಹುಲ್ಲಿನ ಕಡ್ಡಿಗಳು, ತಲೆಗೂದಲಿಗೂ ಬಿಳಿ ಪುಡಿ. ತುಟಿ ನೀಲಿ. ಪಕ್ಕೆ ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು. ಆ ಭಯಂಕರ ಸದ್ದು ಕೇಳಿ ಚಿಕ್ಕವೆಂಕಟಮ್ಮ ಕೈ ಮುಗಿದುಬಿಟ್ಟಳು. ಅದಕ್ಕಿಂತ ಇಂಪಾದ್ದನ್ನು ಅವಳು ಈ ಜನ್ಮದಲ್ಲಿ ಕೇಳಿರಲಿಲ್ಲ.

ಶಶಿರೇಖ ಕಣ್ಣು ತೆರೆದು ಅತ್ತೆಯ ಕಡೆ ಕೈ ಚಾಚಿದಳು. “ಅತ್ತೆ. ರಕ್ತ ಏನಂತು? ಅಪ್ಪಂದೇನಾ?”

ಅತ್ತೆ ಎರಡು ಹೆಜ್ಜೆ ಮುಂದಿಟ್ಟವಳು ನಿಂತಳು. ತನ್ನ ಸೆರಗಿನಲ್ಲೂ ಒಂದು ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಹಾಸಿಗೆ ಹಾಸಿದ ಸೀರೆಯಲ್ಲೇ ಆಸ್ಪತ್ರೆಗೆ ಹೋಗಿ ಬಂದಿದ್ದಳು.

“ನಿಮ್ಮಪ್ಪಂದಲ್ಲ ಕಣೆ,” ಎಂದಳು. “ನಂದು. ನಾನು ಕೊಟ್ಟಿದ್ದು.”

ಶಶಿರೇಖಳಿಗೆ ಅದು ಅರ್ಥವಾಗಲಿಲ್ಲ. ಚಾಚಿದ ಕೈಯನ್ನು ಹಾಗೇ ಹಿಡಿದಿದ್ದಳು. ಚಿಕ್ಕವೆಂಕಟಮ್ಮ ತಿರುಗಿ ನೀರಿನ ತೊಟ್ಟಿಗೆ ಹೋಗಿ, ಬಿಂದಿಗೆ ಎತ್ತಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ಇನ್ನೊಂದು. ಮತ್ತೊಂದು. ಸ್ಮಶಾನದಿಂದ ಬಂದವರು ಯಾರನ್ನೂ ಮುಟ್ಟುವ ಮುನ್ನ ಮಾಡುವ ಸ್ನಾನವೇ ಅದು. ಬೇಲಿಯಾಚೆ ದನ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು, “ಯಾರು ಓಗ್ಬುಟ್ರು?” ಎಂದು ಮೆಲ್ಲಗೆ ಕೇಳಿದರು.

“ಯಾರೂ ಓಗಿಲ್ಲ,” ಎಂದಳು ಚಿಕ್ಕವೆಂಕಟಮ್ಮ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಅವಳು ಬಿಂದಿಗೆಯನ್ನು ಮತ್ತೆ ತೊಟ್ಟಿಗೆ ಅದ್ದಿ, ನೀರು ತುಂಬುವವರೆಗೂ ಸೊಸೆಯ ಪಕ್ಕೆಯನ್ನೇ ನೋಡುತ್ತ ನಿಂತಳು.